ಜೇಮ್ಸ್‌ಟೌನ್ ಬಗ್ಗೆ ಫ್ಯಾನ್ ಫಿಕ್ಷನ್ ಬರೆಯೋಕೆ ಇತಿಹಾಸ ಎಲ್ಲಿಂದ ಓದಬೇಕು?

ಧಾರಾವಾಹಿ ನೋಡಿ ಜೇಮ್ಸ್‌ಟೌನ್ (ಅಮೆರಿಕದ ವರ್ಜೀನಿಯಾದಲ್ಲಿ ಇಂಗ್ಲಿಷರು 1607ರಲ್ಲಿ ಕಟ್ಟಿದ ವಸಾಹತು) ತುಂಬಾ ಹಿಡಿಸಿತು, ಅದರ ಪಾತ್ರಗಳನ್ನೇ ಇಟ್ಟುಕೊಂಡು ಕಥೆ ಬರೆಯಬೇಕು, ಆದರೆ ಇತಿಹಾಸ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಬರೆಯುವುದೂ ಇದೇ ಕಾಲದ ಕಥೆಗಳನ್ನು. ನನ್ನ ಉತ್ತರ ಇಷ್ಟೇ: ಕ್ಯಾಪ್ಟನ್, ಗವರ್ನರ್‌ಗಳನ್ನು ಪಕ್ಕಕ್ಕಿಡಿ. ದಾಖಲೆಯಲ್ಲಿ ಎರಡು ಮೂರು ಸಾಲಿಗೆ ಮುಗಿದುಹೋಗುವ ಒಬ್ಬರನ್ನು ಹಿಡಿದುಕೊಂಡು ಅವರ ಸುತ್ತ ಓದಿ.

ನನಗೆ ಸಿಕ್ಕವಳು ಆನ್ ಬರಾಸ್. 1607ರಲ್ಲಿ ಮೂರು ಹಡಗುಗಳಲ್ಲಿ ಬಂದು ವರ್ಜೀನಿಯಾದಲ್ಲಿ ನೆಲೆಯೂರಿದವರು ನೂರು ಚಿಲ್ಲರೆ ಗಂಡಸರು ಮತ್ತು ಹುಡುಗರು. ಹೆಂಗಸರು ಒಬ್ಬರೂ ಇರಲಿಲ್ಲ. ಮರುವರ್ಷ ಮಿಸ್ಟ್ರೆಸ್ ಫಾರೆಸ್ಟ್ ಎಂಬಾಕೆ ಬಂದಳು, ಜೊತೆಗೆ ಅವಳ ಮನೆಗೆಲಸದ ಹುಡುಗಿ ಆನ್. ಆನ್‌ಗೆ ಆಗ ಸುಮಾರು 14 ವರ್ಷ. ಬಂದ ಸ್ವಲ್ಪ ದಿನಕ್ಕೇ ಜಾನ್ ಲೇಡನ್ ಜೊತೆ ಮದುವೆಯಾಯಿತು.

ಅವಳು 1625ರ ಕೋರ್ಟ್ ದಾಖಲೆಯಲ್ಲೂ ಕಾಣಿಸುತ್ತಾಳೆ. ಹಿಂದೆ ವಸಾಹತನ್ನು ಆಳಿದ್ದ ಸರ್ ಥಾಮಸ್ ಡೇಲ್ ಆಡಳಿತದ ಕಾಲದಲ್ಲಿ ನಡೆದದ್ದನ್ನು ಸಾಕ್ಷಿಗಳು ಅಲ್ಲಿ ಹೇಳುತ್ತಾರೆ. ಹೆಂಗಸರು ಕೆಲಸದಾಳುಗಳಿಗೆ ಅಂಗಿ ಹೊಲಿಯಬೇಕಿತ್ತು. ಒಂದು ಅಂಗಿಗೆ ಕೊಡುತ್ತಿದ್ದುದು ಆರು ಸಲ ಸೂಜಿಗೆ ಪೋಣಿಸುವಷ್ಟು ರೇಷ್ಮೆ ದಾರ. ಹೊಲಿದು ಮುಗಿಸದಿದ್ದರೆ ಊಟ ಇಲ್ಲ. ದಾರ ಕೆಟ್ಟದ್ದು, ಹೊಲಿಗೆಗೆ ನಿಲ್ಲುತ್ತಿರಲಿಲ್ಲ. ಆನ್ ಮತ್ತು ಜೇನ್ ರೈಟ್ ಎಂಬಾಕೆ ಅಂಗಿಯ ಕೆಳಗಿನ ಅಂಚಿನಿಂದಲೇ ಎಳೆ ಬಿಚ್ಚಿಕೊಂಡು ಕೆಲಸ ಮುಗಿಸಿದರು. ಅಂಗಿ ಗಿಡ್ಡವಾಯಿತು. ಅದಕ್ಕೆ ಇಬ್ಬರಿಗೂ ಚಾಟಿ ಏಟು. ಆನ್ ಬಸುರಿಯಾಗಿದ್ದಳು. ಹೊಟ್ಟೆಯಲ್ಲಿದ್ದ ಕೂಸು ಅದೇ ರಾತ್ರಿ ಹೋಯಿತು.

ಇದನ್ನು ಓದಿದ ಮೇಲೆ ಸುಮ್ನೆ ಕೂರೋಕೆ ಆಗಲ್ಲ. ದಾರ ಅಳೆದು ಕೊಡುತ್ತಿದ್ದವರು ಯಾರು? ತಮ್ಮದೇ ದಾರ ಇದ್ದ ಹೆಂಗಸರು ಅದರಲ್ಲೇ ಹೊಲಿದು ಪಾರಾದರಂತೆ. ಅವರು ಆನ್‌ಗೆ ಒಂದೆಳೆಯನ್ನೂ ಕೊಡಲಿಲ್ಲವಾ? ನಿಮ್ಮ ಧಾರಾವಾಹಿಯ ಪಾತ್ರವನ್ನು ಆ ಹೊಲಿಗೆಯವರ ನಡುವೆ ಕೂರಿಸಿ ನೋಡಿ. ಕಥೆಗೆ ಬೇರೆ ಯುದ್ಧ ಬೇಡ.

ಆಮೇಲೆ ಹಸಿವಿನ ಬಗ್ಗೆ ಜಾಸ್ತಿ ಓದಿ. 1609-10ರ ಚಳಿಗಾಲದಲ್ಲಿ ಕೋಟೆಯೊಳಗಿನವರು ಕುದುರೆ, ನಾಯಿ, ಹಾವು ತಿಂದರು. ಕೊನೆಗೆ ಸತ್ತವರನ್ನೂ ತಿಂದರು. 2012ರ ಉತ್ಖನನದಲ್ಲಿ ಸಿಕ್ಕ ಸುಮಾರು 14 ವರ್ಷದ ಹುಡುಗಿಯ ತಲೆಬುರುಡೆಯ ಮೇಲೆ ಕತ್ತರಿಸಿದ ಗುರುತುಗಳಿದ್ದವು. ವಸಂತದ ಹೊತ್ತಿಗೆ ಅಲ್ಲಿ ಬದುಕುಳಿದಿದ್ದವರು ಸುಮಾರು 60 ಜನ.

ಆದರೆ ಅಲ್ಲಿನ ಮೂಲನಿವಾಸಿಗಳ ಬಗ್ಗೆ ‘ಪೌಹಟನ್ ಜನ ಜೋಳ ಕೊಡಲಿಲ್ಲ, ಕ್ರೂರಿಗಳು’ ಅಂತ ದಯವಿಟ್ಟು ಬರೆಯಬೇಡಿ. ಹಳೆಯ ಮರಗಳ ಕಾಂಡದ ಉಂಗುರ ನೋಡಿದವರು 1606ರಿಂದ 1612ರವರೆಗೆ ಅಲ್ಲಿ ಭೀಕರ ಬರವಿತ್ತು ಎಂದು ಕಂಡುಕೊಂಡಿದ್ದಾರೆ. ಪೌಹಟನ್ ಜನರ ಮನೆಯಲ್ಲೇ ಕಾಳು ಕಡಿಮೆ. ಅಂಥದ್ದರಲ್ಲಿ ಕೋವಿ ಹಿಡಿದು ಬಂದವರು ಮುಸುಕಿನ ಜೋಳ ಕೇಳುತ್ತಾರೆ, ಕೊಡದಿದ್ದರೆ ಕಿತ್ತುಕೊಳ್ಳುತ್ತಾರೆ. ನಮಗೆ ಸಿಗುವ ಬರಹ ಹೆಚ್ಚಾಗಿ ಇಂಗ್ಲಿಷರದ್ದು, ಇನ್ನೊಂದು ಕಡೆಯ ಮಾತನ್ನು ಸಾಲುಗಳ ನಡುವೆ ಹುಡುಕಬೇಕು. ಪೌಹಟನ್ ಕೂಟಕ್ಕೆ ಸೇರಿದ ಪಮುಂಕಿ, ಮಟ್ಟಪೊನಿ ಬುಡಕಟ್ಟಿನ ಜನ ಇವತ್ತಿಗೂ ವರ್ಜೀನಿಯಾದಲ್ಲಿದ್ದಾರೆ. ಅವರು ತಮ್ಮ ಬಗ್ಗೆ ಹೇಳಿಕೊಂಡದ್ದನ್ನು ಮೊದಲು ಓದಿ.

ಪೌಹಟನ್ ನಾಯಕನ ಮಗಳು ಪೊಕಾಹೊಂಟಾಸ್ ಮತ್ತು ಇಂಗ್ಲಿಷ್ ಕ್ಯಾಪ್ಟನ್ ಜಾನ್ ಸ್ಮಿತ್ ಪ್ರೇಮಕಥೆಯನ್ನಂತೂ ಬಿಟ್ಟುಬಿಡಿ. 1607ರಲ್ಲಿ ಅವಳಿಗೆ ಹತ್ತು ಹನ್ನೊಂದು ವರ್ಷ ಅಷ್ಟೇ. ಅವಳು ತನ್ನ ಪ್ರಾಣ ಉಳಿಸಿದಳು ಎಂಬ ಮಾತು ಸ್ಮಿತ್‌ನ 1608ರ ಬರಹದಲ್ಲಿ ಇಲ್ಲವೇ ಇಲ್ಲ. ಅವನ 1624ರ ಪುಸ್ತಕದಲ್ಲಿದೆ.

ತಾರೀಖು ನೋಡುವಾಗ ಹುಷಾರು. ಆಗ ಇಂಗ್ಲಿಷರಿಗೆ ಹೊಸ ವರ್ಷ ಮಾರ್ಚ್ 25ಕ್ಕೆ. ದಾಖಲೆಯಲ್ಲಿ ‘ಜನವರಿ 1608’ ಅಂತಿದ್ದರೆ ನಮ್ಮ ಲೆಕ್ಕಕ್ಕೆ ಅದು 1609. ಹೆಸರುಗಳ ಕಾಗುಣಿತವೂ ಒಂದೊಂದು ಕಡೆ ಒಂದೊಂದು ಥರ, ಎಲ್ಲದರಲ್ಲೂ ಹುಡುಕಿ.

ಎಷ್ಟು ಕಲ್ಪಿಸಿಕೊಳ್ಳಬಹುದು ಅಂತಲೂ ಕೇಳಿದ್ದೀರಲ್ವಾ? ದಾಖಲೆ ಖಚಿತವಾಗಿ ಹೇಳಿದ್ದನ್ನು ನಾನು ಮುಟ್ಟಲ್ಲ. ಎರಡು ದಾಖಲೆಗಳ ನಡುವಿನ ವರ್ಷಗಳು ಮಾತ್ರ ನನ್ನವು. 1625ರ ಜನಗಣತಿಯಲ್ಲಿ ಆನ್ ಸಿಗುತ್ತಾಳೆ: ವಯಸ್ಸು 30, ಗಂಡ ಜಾನ್, ನಾಲ್ಕು ಹೆಣ್ಣುಮಕ್ಕಳು, ಒಬ್ಬಳ ಹೆಸರು ವರ್ಜೀನಿಯಾ. ಆ ಗಣತಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಯಾರು ಯಾವ ಹಡಗಿನಲ್ಲಿ ಬಂದರು, ಮನೆಯಲ್ಲಿ ಎಷ್ಟು ಜೋಳ, ಎಷ್ಟು ಕೋವಿ ಎಂಬುದೆಲ್ಲ ಅದರಲ್ಲಿದೆ. ಅದನ್ನೇ ಮೊದಲು ಓದಿ, ನಿಮ್ಮವರು ಯಾರು ಅಂತ ಆರಿಸಿಕೊಳ್ಳಿ. ಮೊದಲ ಅಧ್ಯಾಯ ಬರೆದಾಗ ಇಲ್ಲೇ ತಿಳಿಸಿ, ನಾನು ಖಂಡಿತ ಓದುತ್ತೇನೆ.