ಜೋರ್ಡಾನಿನಲ್ಲಿ ಸೀಟು, ಟರ್ಕಿಯಲ್ಲಿ ಯಾಕಿಲ್ಲ?

ಪ್ರಶ್ನೆ: ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದೇನೆ. ಕಾಕಸಸ್ ಪರ್ವತಸೀಮೆ ಮೂಲದ ಸರ್ಕೇಶಿಯನ್ನರು ಅತಿ ಹೆಚ್ಚಾಗಿರುವುದು ಟರ್ಕಿಯಲ್ಲಿ. ಆದರೆ ಸಂಸತ್ತಿನಲ್ಲಿ ಮೀಸಲು ಸ್ಥಾನ ಸಿಕ್ಕಿರುವುದು ಜೋರ್ಡಾನಿನಲ್ಲಿ. ಇದು ಹೇಗೆ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ತಲೆಯೆಣಿಕೆಯಿಂದ ಹೊರಟರೆ ಈ ಗಂಟು ಬಿಚ್ಚುವುದಿಲ್ಲ. ಅವರು ಬಂದಾಗ ಆ ನಾಡಿಗೆ ಅವರಿಂದ ಏನು ಬೇಕಿತ್ತು, ಕಾನೂನು ಅವರನ್ನು ಯಾವ ಹೆಸರಲ್ಲಿ ಬರೆದುಕೊಂಡಿತು ಎಂದು ನೋಡಿ.

1864ರಲ್ಲಿ ರಷ್ಯಾ ಕಾಕಸಸ್ ಯುದ್ಧವನ್ನು ಗೆದ್ದು ಮುಗಿಸಿತು. ಕಪ್ಪು ಸಮುದ್ರದ ದಂಡೆಯಿಂದ ಹೊರದಬ್ಬಲ್ಪಟ್ಟ ಸರ್ಕೇಶಿಯನ್ನರು ಒಟ್ಟೋಮನ್ ಸಾಮ್ರಾಜ್ಯ ಸೇರಿದರು. 1878ರಲ್ಲಿ ಒಂದು ಗುಂಪು ಅಮ್ಮಾನಿನ ರೋಮನ್ ರಂಗಮಂದಿರದ ಪಾಳು ಕಲ್ಲುಗಳ ನಡುವೆ ಬೀಡುಬಿಟ್ಟಿತು. ಇಂದಿನ ರಾಜಧಾನಿಗೆ ಮತ್ತೆ ಜೀವ ಬಂದಿದ್ದೇ ಹಾಗೆ. 1909ರಲ್ಲಿ ಪುರಸಭೆಯಾದಾಗ ಅದರ ಮೊದಲ ಅಧ್ಯಕ್ಷ ಸರ್ಕೇಶಿಯನ್. 1921ರಲ್ಲಿ ಅರೇಬಿಯಾದ ಹಿಜಾಜಿನಿಂದ ಬಂದು ಜೋರ್ಡಾನಿನ ಆಳ್ವಿಕೆ ಶುರುಮಾಡಿದ ಅಮೀರ್ ಅಬ್ದುಲ್ಲಾ ಕೂಡ ಹೊರಗಿನವನೇ. ಅವನಿಗೆ ನಂಬಿಕಸ್ಥರು ಬೇಕಿದ್ದರು, ಇವರಿಗೆ ಅಲೆಮಾರಿ ಅರಬರಾದ ಬೆಡೂಯಿನ್ನರ ದಾಳಿಯಿಂದ ರಕ್ಷಣೆ ಬೇಕಿತ್ತು. 1929ರ ಮೊದಲ ಶಾಸನಸಭೆಯಲ್ಲಿ ಜನಪ್ರತಿನಿಧಿಗಳ 16 ಸ್ಥಾನಗಳ ಪೈಕಿ 2 ಇವರಿಗೆ ಹೋದವು. 1950ರಲ್ಲಿ ಸರ್ಕೇಶಿಯನ್ನರಾದ ಸಯೀದ್ ಅಲ್ ಮುಫ್ತಿ ಪ್ರಧಾನಿಯೇ ಆದರು. ಈಗ ಕೆಳಮನೆಯಲ್ಲಿ ಸರ್ಕೇಶಿಯನ್ನರಿಗೆ ಮತ್ತು ಕಾಕಸಸ್‌ನ ಇನ್ನೊಂದು ಜನಾಂಗವಾದ ಚೆಚೆನ್ನರಿಗೆ ಸೇರಿ 3 ಸ್ಥಾನ.

ಇದನ್ನು ನಮ್ಮ ವಿಧಾನಸಭೆಯಲ್ಲಿ 2020ರವರೆಗೆ ಇದ್ದ ಆಂಗ್ಲೋ ಇಂಡಿಯನ್ ನಾಮನಿರ್ದೇಶನಕ್ಕೆ ಹೋಲಿಸಬೇಡಿ, ಅನೇಕರು ಎಡವುವುದು ಇಲ್ಲೇ. ಜೋರ್ಡಾನಿನಲ್ಲಿ ಚುನಾವಣೆಗೆ ನಿಂತು ಗೆಲ್ಲಬೇಕು, ಓಟು ಹಾಕುವವರು ಎಲ್ಲ ಸಮುದಾಯದವರು. ನಮ್ಮ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರದ ಲೆಕ್ಕ ಇದಕ್ಕೆ ಹತ್ತಿರ. ಹಾಗಾಗಿ ಗೆದ್ದವರು ತಮ್ಮ ಸಮುದಾಯದ ಪರ ಮಾತ್ರ ಮಾತಾಡಿ ಬಾಳುವಂತಿಲ್ಲ.

ಟರ್ಕಿಯಲ್ಲಿ ಬಾಗಿಲು ಮುಚ್ಚಿದ್ದು 1923ರ ಲೊಸಾನ್ ಒಪ್ಪಂದ, ಅಂದರೆ ಮೊದಲ ಮಹಾಯುದ್ಧದ ನಂತರ ಟರ್ಕಿ ಮಾಡಿಕೊಂಡ ಶಾಂತಿ ಒಪ್ಪಂದ. ಅದರ ಪ್ರಕಾರ ಅಲ್ಪಸಂಖ್ಯಾತರೆಂದರೆ ಮುಸ್ಲಿಮೇತರರು, ಅಷ್ಟೇ. ಸರ್ಕೇಶಿಯನ್ನರು ಸುನ್ನಿ ಮುಸ್ಲಿಮರು, ಆದ್ದರಿಂದ ಕಾಗದದ ಮೇಲೆ ಬರೀ ತುರ್ಕರು. ಮೇಲಿಂದ 1983ರ ರಾಜಕೀಯ ಪಕ್ಷಗಳ ಕಾಯ್ದೆಯ 81ನೇ ವಿಧಿಯೂ ಇದೆ: ದೇಶದಲ್ಲಿ ಭಾಷೆ ಅಥವಾ ಜನಾಂಗದ ಆಧಾರದ ಅಲ್ಪಸಂಖ್ಯಾತರಿದ್ದಾರೆ ಎಂದು ಪಕ್ಷವೊಂದು ಹೇಳುವುದೇ ನಿಷಿದ್ಧ. 2014ರಲ್ಲಿ ಸರ್ಕೇಶಿಯನ್ನರು ಮುಂದೆ ನಿಂತು ಕಟ್ಟಿದ ಪಕ್ಷಕ್ಕೆ 'ಬಹುತ್ವವಾದಿ ಪ್ರಜಾಪ್ರಭುತ್ವ ಪಕ್ಷ' ಎಂದು ಹೆಸರಿಟ್ಟರು, ಅದರಲ್ಲಿ ಸಮುದಾಯದ ಸುಳಿವೇ ಇಲ್ಲ. ಸಂಸತ್ತು ಪ್ರವೇಶಕ್ಕೆ ದೇಶದ ಒಟ್ಟು ಮತಗಳಲ್ಲಿ ಆಗ ಶೇ 10 ಬೇಕಿತ್ತು, 2022ರಿಂದ ಶೇ 7. ಕಯ್ಸೇರಿ, ದೂಜ್ಜೆ, ಸಾಮ್ಸುನ್ ಅಂತ ಹಂಚಿಹೋದ ಜನ ಎಲ್ಲಿಂದ ತರಬೇಕು? ಪಕ್ಷೇತರರಿಗೆ ಈ ಮಿತಿಯಿಲ್ಲ ನಿಜ, ಆದರೆ ಆಗ ಒಂದೇ ಜಿಲ್ಲೆಯಲ್ಲಿ ಮತ ಒಟ್ಟಾಗಬೇಕು. ಅದಕ್ಕೇ ದೊಡ್ಡ ಪಕ್ಷಗಳೊಳಗೆ ಸೇರಿ, ಗುರುತನ್ನು ಕಿಸೆಯಲ್ಲಿಟ್ಟುಕೊಂಡು ಮೇಲೇರುವುದೇ ಅಲ್ಲಿನ ರೂಢಿ.

ಪ್ರಶ್ನೆ: ಹಾಗಾದರೆ ಟರ್ಕಿಯಲ್ಲಿ ಅವರ ಭಾಷೆಗೂ ಏನೂ ಸಿಕ್ಕಿಲ್ಲವೇ?
– ಬಸವನಗುಡಿ ಓದುಗರು

ಉತ್ತರ: 2012ರಿಂದ ಐದನೇ ತರಗತಿ ಮೇಲಿನವರು ವಾರಕ್ಕೆ ಎರಡು ತಾಸು ಐಚ್ಛಿಕವಾಗಿ ಕಲಿಯಬಹುದು. ಷರತ್ತು, ಒಂದು ಶಾಲೆಯಲ್ಲಿ ಕನಿಷ್ಠ 10 ಮಕ್ಕಳು ಅರ್ಜಿ ಹಾಕಬೇಕು. ಹಳ್ಳಿಯಲ್ಲಿ ಇದು ಕಷ್ಟವಲ್ಲ. ಇಸ್ತಾಂಬುಲ್‌ನಂಥ ಊರಲ್ಲಿ ಹತ್ತು ಮಕ್ಕಳು ಹತ್ತು ಶಾಲೆಗಳಲ್ಲಿದ್ದರೆ ತರಗತಿಯೇ ತೆರೆಯುವುದಿಲ್ಲ.

ಪ್ರಶ್ನೆ: ಇಸ್ರೇಲಿನಲ್ಲಿ ಇವರು ಸೇನೆಗೂ ಸೇರುತ್ತಾರಂತೆ, ನಿಜವೇ?
– ಜಯನಗರ ಓದುಗರು

ಉತ್ತರ: ನಿಜ. ಕ್ಫಾರ್ ಕಾಮಾ, ರೆಹಾನಿಯಾ ಎಂಬ ಎರಡೇ ಹಳ್ಳಿ, ಸುಮಾರು 5,000 ಜನ. 1958ರಿಂದ ಗಂಡಸರಿಗೆ ಸೇನಾಸೇವೆ ಕಡ್ಡಾಯ, ಹೆಂಗಸರಿಗಿಲ್ಲ. ಆದರೆ ಅಲ್ಲಿ ಇಡೀ ದೇಶವೇ ಒಂದು ಕ್ಷೇತ್ರ, ಪಕ್ಷಕ್ಕೆ ಶೇ 3.25 ಮತ ಬೇಕು. ಐದು ಸಾವಿರ ಜನರಿಗೆ ಸ್ವಂತ ಪಕ್ಷದ ಮಾತೇ ಇಲ್ಲ.

ಮೊದಲ ಓದುಗರಿಗೆ ಇನ್ನೊಂದು ಮಾತು. ಟರ್ಕಿಯ ಸಂಖ್ಯೆ ಬರೆಯುವಾಗ 'ಅಂದಾಜು' ಎಂದು ಸೇರಿಸಿ. 1965ರ ನಂತರ ಅಲ್ಲಿ ಮಾತೃಭಾಷೆಯ ಜನಗಣತಿ ಅಂಕಿ ಪ್ರಕಟವಾಗಿಲ್ಲ. ಅಲ್ಲದೆ ಟರ್ಕಿಯಲ್ಲಿ 'ಚೆರ್ಕೆಸ್' (ಸರ್ಕೇಶಿಯನ್) ಎಂದರೆ ಎಷ್ಟೋ ಸಲ ಕಾಕಸಸ್‌ನ ಇತರ ಜನರಾದ ಅಬ್ಖಾಜ್, ಚೆಚೆನ್ನರೂ ಸೇರಿರುತ್ತಾರೆ. ಜೋರ್ಡಾನಿನಲ್ಲಿ ಸೀಟು ಒಟ್ಟಿಗಿದ್ದರೂ ಜನಸಂಖ್ಯೆ ಹೇಳುವಾಗ ಚೆಚೆನ್ನರನ್ನು ಬೇರೆಯೇ ಎಣಿಸುತ್ತಾರೆ. ಇವೆರಡನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸಿದರೆ ಹೋಲಿಕೆ ಕೆಡುತ್ತದೆ.