ಕ್ಯಾಲಿಫೋರ್ನಿಯಾದ ಆಂಬುಲೆನ್ಸ್ ಸಿಬ್ಬಂದಿಗೆ ಊಟದ ಬಿಡುವಿನಲ್ಲೂ ಡ್ಯೂಟಿ ಇರುತ್ತದಾ?

ಹೌದು, ಖಾಸಗಿ ಆಂಬುಲೆನ್ಸ್ ಆದರೆ ಇರುತ್ತದೆ. 2018ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ನೇರವಾಗಿ ವೋಟು ಹಾಕಿ ಒಪ್ಪಿದ 'ಪ್ರೊಪೊಸಿಷನ್ 11' ಎಂಬ ಕಾನೂನು ಹೇಳುವುದು ಇದನ್ನೇ. ಸುಮಾರು 60% ಜನ ಪರವಾಗಿದ್ದರು.

ಇದರ ಮೂಲ 2016ರ ಒಂದು ತೀರ್ಪು. ಅದು ಸೆಕ್ಯೂರಿಟಿ ಗಾರ್ಡ್‌ಗಳ ಕೇಸು. ಬಿಡುವು ಅಂದಮೇಲೆ ಕೆಲಸದ ಕರೆ ಬರುತ್ತದೇನೋ ಎಂದು ರೇಡಿಯೋಗೆ ಕಿವಿಗೊಟ್ಟು ಕೂರುವಂತಿರಬಾರದು ಎಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಅದೇ ತರ್ಕ ತಮಗೂ ಅನ್ವಯಿಸಿದರೆ ಜಾಸ್ತಿ ಗಾಡಿ, ಜಾಸ್ತಿ ಜನ ಬೇಕಾಗುತ್ತದೆ ಎಂದು ಆಂಬುಲೆನ್ಸ್ ಕಂಪನಿಗಳಿಗೆ ಚಿಂತೆ ಹತ್ತಿತು. ಪ್ರಚಾರಕ್ಕೆ ದುಡ್ಡು ಸುರಿದದ್ದೂ ಅಲ್ಲಿನ ದೊಡ್ಡ ಕಂಪನಿಯೇ!

ಸಿಬ್ಬಂದಿಗೆ ಏನೂ ಸಿಗಲಿಲ್ಲ ಅಂತಲ್ಲ. ಬಿಡುವಿಗೂ ಪೂರ್ತಿ ಸಂಬಳ ಕೊಡಬೇಕು. ಅರ್ಧ ತುತ್ತಿಗೆ ಕರೆ ಬಂದು ಎದ್ದು ಹೋದರೆ ಆ ಬಿಡುವು ಲೆಕ್ಕಕ್ಕಿಲ್ಲ, ಇನ್ನೊಂದು ಕೊಡಬೇಕು. ಶಿಫ್ಟಿನ ಮೊದಲ ಗಂಟೆಯಲ್ಲಿ ಊಟಕ್ಕೆ ಕಳಿಸುವಂತಿಲ್ಲ. ತರಬೇತಿ, ಮಾನಸಿಕ ಆರೋಗ್ಯದ ನೆರವೂ ಇದೆ.

ನನಗೆ ಕಸಿವಿಸಿ ಆಗುವುದು ಬೇರೆ ಕಡೆ. ಬಿಡುವಿನ ವಿಚಾರಕ್ಕೆ ಸಿಬ್ಬಂದಿ ಆಗಲೇ ಹೂಡಿದ್ದ ಕೇಸುಗಳಿಗೂ ಹೊಸ ನಿಯಮ ಅನ್ವಯಿಸುವಂತೆ ಬರೆದರು. ಆಟ ಅರ್ಧ ಮುಗಿದ ಮೇಲೆ ನಿಯಮ ಬದಲಿಸಿದ ಹಾಗಾಯಿತು, ಅಲ್ವಾ? ಅಂದಹಾಗೆ, ಸರ್ಕಾರಿ ಅಗ್ನಿಶಾಮಕ ದಳದವರಿಗೆ ಇದು ಅನ್ವಯಿಸುವುದಿಲ್ಲ.