ಫ್ರಾನ್ಸಿನ ವೈನ್ ಊರು ಸೇಂತ್-ಎಮಿಲಿಯೋಂನಲ್ಲಿ ವೈನ್ ಬಿಟ್ಟು ನೋಡಲು, ಸುತ್ತಾಡಲು ಏನಿದೆ?

ವೈನ್ ಕುಡಿಯದವರಿಗೂ ಒಂದು ದಿನ ಸಾಲದು. ಬೋರ್ಡೋ ನಗರದಿಂದ ರೈಲಿನಲ್ಲಿ ಸುಮಾರು 35 ನಿಮಿಷ. ನಿಲ್ದಾಣ ಊರ ಹೊರಗಿದೆ, ದ್ರಾಕ್ಷಿ ತೋಟಗಳ ನಡುವೆ 20 ನಿಮಿಷ ನಡೆಯಬೇಕು.

ಮೊದಲು ಪ್ರವಾಸಿ ಕಚೇರಿಯಲ್ಲಿ ಬಂಡೆ ಚರ್ಚಿನ ಟಿಕೆಟ್ ಮಾಡಿಸಿ. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. 12ನೇ ಶತಮಾನದಲ್ಲಿ ಸುಣ್ಣಕಲ್ಲಿನ ಬಂಡೆಯನ್ನೇ ಕೊರೆದು ಮಾಡಿದ ಚರ್ಚ್ ಅದು. ಕಂಬಗಳಿಗೆ ಬಿಗಿದ ಲೋಹದ ಪಟ್ಟಿಗಳನ್ನು ಗಮನಿಸಿ: ನೀರು ಇಂಗಿ ಕಲ್ಲು ಮೆದುವಾಗಿದೆ, ಮೇಲೆ ಇಡೀ ಗಂಟೆಗೋಪುರದ ಭಾರ ಕೂತಿದೆ. ಆ ಗೋಪುರ ಹತ್ತಲು 196 ಮೆಟ್ಟಿಲು. ಹತ್ತಲೇಬೇಕು; 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ತೋಟಗಳು ಅಲ್ಲಿಂದ ಪೂರ್ತಿ ಕಾಣುತ್ತವೆ.

ಕಡಿದಾದ ಓಣಿಗಳ ಕಲ್ಲುಹಾಸು ಮಳೆಗೆ ವಿಪರೀತ ಜಾರುತ್ತದೆ, ಹಿಡಿತವಿರುವ ಶೂ ಹಾಕಿ. ಸೈಕಲ್ಲನ್ನು ಊರೊಳಗೆ ತಳ್ಳಿಕೊಂಡೇ ಹೋಗಿ. ದೋರ್ದೋನ್ ನದಿಯ ಕಡೆಗೆ ಇಳಿದರೆ ರಸ್ತೆ ಸಮತಟ್ಟು. ಸೆಪ್ಟೆಂಬರ್ ಕೊಯ್ಲಿನಲ್ಲಿ ಟ್ರ್ಯಾಕ್ಟರ್‌ಗಳಿಗೆ ದಾರಿ ಬಿಡಿ.